ಮೂರು ದಿನದ ವಾಯಿದೆ

ಕೈಯಲ್ಲಿ ಹಿಡಿದಿರುವುದು ಏಣಿ ಎಂದೇ ಚಿಕ್ಕಂದಿನಲ್ಲಿ ನಂಬಿದ್ದೆ. ಪಕ್ಕದ ಮನೆಯ ಬಾಯಮ್ಮ ಅತ್ತೂರಿನ ಸಾಂತ್‌ಮಾರಿ ಜಾತ್ರೆಯಿಂದ ತಂದು ಗೋಡೆಗೆ ತೂಗುಹಾಕಿದ್ದ ಪಟ ಅದು. ಗಡ್ಡ ಮೀಸೆ ಮೂಡದ ಮುಖ, ಕೆಂಪು ನಿಲುವಂಗಿ, ಒಂದು ಕೈಯಲ್ಲಿ ಖರ್ಜೂರದ ಗರಿ, ಇನ್ನೊಂದರಲ್ಲಿ ಅಡ್ಡಡ್ಡ ಸಲಾಕೆಗಳ ಕಬ್ಬಿಣದ ಚೌಕಟ್ಟು. ತೆಂಗಿನಕಾಯಿ ಕೀಳುವವರನ್ನು ಕಾಯುವ ಸಂತ ಇರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಕೇಳಿದಾಗ ಬಾಯಮ್ಮ ನಕ್ಕರು. "ಏಣಿ ಅಲ್ಲ ಮಗಾ, ಮೀನು ಸುಡುವ ಜಾಲರಿ ಉಂಟಲ್ಲ, ಹಾಗಿನದ್ದು. ಅದರ ಮೇಲೆ ಅವರನ್ನು ಮಲಗಿಸಿ ಸುಟ್ಟದ್ದು" ಎಂದು ಹೇಳಿ, ಬಂಗುಡೆ ತೊಳೆಯಲಿಕ್ಕೆ ಒಳಗೆ ಹೋದರು.

ಸಂತ ಲಾರೆನ್ಸ್. ಲ್ಯಾಟಿನ್ನಿನಲ್ಲಿ ಲೌರೆಂಟಿಯಸ್, ಇಟಲಿಯವರಿಗೆ ಲೊರೆಂಜೊ, ನಮ್ಮ ಕರಾವಳಿಯ ಕೊಂಕಣಿಗರಿಗೆ ಸಾಂ ಲೊರೆನ್ಸ್. ಕ್ರಿ.ಶ. 258ರ ಆಗಸ್ಟ್‌ನಲ್ಲಿ ರೋಮ್ ನಗರದಲ್ಲಿ ಕೊಲೆಯಾದವನು. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಬಡವರಿಗೆ, ಗ್ರಂಥಪಾಲಕರಿಗೆ, ಹಾಸ್ಯಗಾರರಿಗೆ ಆತ ಪಾಲಕ ಸಂತ. ಅಡುಗೆಯವರಿಗೂ ಆತನೇ. ಬೆಂಕಿಯಲ್ಲಿ ಬೆಂದವನನ್ನು ಒಲೆಯ ಮುಂದೆ ನಿಲ್ಲುವವರಿಗೆ ಕಾವಲು ಕೊಟ್ಟವರ ವಿನೋದಪ್ರಜ್ಞೆಗೆ ಏನೆನ್ನಬೇಕೋ ತಿಳಿಯದು. ಆದರೆ ಬದುಕಿದ್ದಾಗ ಆತ ಮಾಡುತ್ತಿದ್ದ ಕೆಲಸವನ್ನು ನೋಡಿದರೆ ಈ ಪಟ್ಟಿಗೆ ಲೆಕ್ಕ ಬರೆಯುವವರನ್ನೂ ಸೇರಿಸಬೇಕಿತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಲಾರೆನ್ಸ್ ರೋಮಿನ ಕ್ರೈಸ್ತ ಸಭೆಯ ಪಾರುಪತ್ಯಗಾರ.

ಇತಿಹಾಸದ ಕೈಗೆ ಸಿಕ್ಕಿರುವುದು ಒಂದು ಸಾಲಷ್ಟೆ. ರೋಮಿನಲ್ಲಿ 354ರಲ್ಲಿ ಸಿದ್ಧವಾದ, ಪಂಚಾಂಗದಂಥ ಒಂದು ಸಂಕಲನವಿದೆ. ಅದರಲ್ಲಿ ಹುತಾತ್ಮರನ್ನು ಯಾವ ದಿನ ಎಲ್ಲಿ ಸ್ಮರಿಸಬೇಕೆಂಬ ಪಟ್ಟಿ ಇದೆ. ಆಗಸ್ಟ್ 10ರ ಎದುರು ಲಾರೆನ್ಸನ ಹೆಸರು, ಪಕ್ಕದಲ್ಲಿ ಟಿಬುರ್ಟೀನ ರಸ್ತೆಯ ಹೆಸರು. ಒಲೆಯಿಲ್ಲ, ಜಾಲರಿಯಿಲ್ಲ, ಆಡಿದ ಮಾತಿಲ್ಲ. ಸತ್ತ ಮೇಲೆ ಸುಮಾರು ನೂರು ವರ್ಷಗಳ ತನಕ ಉಳಿದದ್ದು ತಿಥಿ ಮತ್ತು ಗೋರಿಯ ವಿಳಾಸ ಮಾತ್ರ.

ಆತ ಬದುಕಿದ್ದ ಕಾಲದ ಬಗ್ಗೆ ಮಾತ್ರ ಸಾಕಷ್ಟು ತಿಳಿದಿದೆ. ವಲೇರಿಯನ್ 253ರಲ್ಲಿ ಸಾಮ್ರಾಟನಾದಾಗ ರೋಮನ್ ಸಾಮ್ರಾಜ್ಯ ಎಲ್ಲ ದಿಕ್ಕಿನಿಂದಲೂ ಸೋರುತ್ತಿತ್ತು. ಉತ್ತರದಲ್ಲಿ ಗೋಥರ ದಾಳಿ, ಪೂರ್ವದಲ್ಲಿ ಪರ್ಷಿಯದ ದೊರೆ ಶಾಪುರ್, ಊರೂರಿನಲ್ಲಿ ವರ್ಷಗಟ್ಟಲೆ ಕಾಡಿದ ಮಹಾಮಾರಿ. ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾಗುತ್ತ ಹೋಗಿ ತಾಮ್ರಕ್ಕೆ ಬಿಳಿ ಬಳಿದಂತೆ ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಆಳುವವನಿಗೆ ಎರಡು ಬೇಕು. ದೇವರುಗಳ ಮುನಿಸಿಗೆ ಯಾರನ್ನಾದರೂ ಹೊಣೆ ಮಾಡಬೇಕು, ಸೈನಿಕರ ಸಂಬಳಕ್ಕೆ ಎಲ್ಲಿಂದಲಾದರೂ ದುಡ್ಡು ಹುಟ್ಟಿಸಬೇಕು. 257ರಲ್ಲಿ ಮೊದಲ ಆಜ್ಞೆ ಹೊರಟಿತು. ಕ್ರೈಸ್ತ ಗುರುಗಳು ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು, ಕ್ರೈಸ್ತರು ಸಭೆ ಸೇರುವಂತಿಲ್ಲ, ತಮ್ಮ ಸ್ಮಶಾನಗಳಿಗೂ ಕಾಲಿಡುವಂತಿಲ್ಲ. ಮರುವರ್ಷದ ಎರಡನೆಯ ಆಜ್ಞೆ ಇನ್ನೂ ಬಿಗಿ. ಬಿಷಪ್, ಪಾದ್ರಿ, ಡೀಕನ್ ಯಾರೇ ಸಿಕ್ಕಲಿ, ತಕ್ಷಣ ಮರಣದಂಡನೆ. ಕ್ರೈಸ್ತರಾದ ಸೆನೆಟ್ ಸದಸ್ಯರಿಗೆ ಪದವಿಯೂ ಹೋಗುತ್ತದೆ, ಆಸ್ತಿಯೂ ಹೋಗುತ್ತದೆ. ಸಿರಿವಂತ ಹೆಂಗಸರ ಆಸ್ತಿ ಮುಟ್ಟುಗೋಲು ಹಾಕಿ ಅವರನ್ನು ಗಡೀಪಾರು. ಆ ಆಜ್ಞೆಯ ವಿವರ ನಮಗೆ ಸಿಕ್ಕಿರುವುದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದ ಪತ್ರದಿಂದ. ಪತ್ರ ಬರೆದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 14ರಂದು, ಅವನ ತಲೆಯೂ ಉರುಳಿತು. ಆಜ್ಞೆಯಲ್ಲಿ ಧರ್ಮದ ಮಾತು ಎಷ್ಟಿದೆಯೋ ಜಫ್ತಿಯ ಮಾತೂ ಅಷ್ಟೇ ಇದೆ.

ಹಾಗಾದರೆ ರೋಮಿನ ಕ್ರೈಸ್ತ ಸಭೆಯ ಬಳಿ ಜಫ್ತಿ ಮಾಡುವಷ್ಟು ಏನಿತ್ತು? ಲಾರೆನ್ಸನ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ದಾಖಲೆಗೆ ಬೆಂಕಿಯೊಂದಿಗೆ ಸಂಬಂಧವೇ ಇಲ್ಲ. ಸುಮಾರು 251ರಲ್ಲಿ, ಲಾರೆನ್ಸನ ಸಾವಿಗೆ ಏಳು ವರ್ಷ ಮೊದಲು, ರೋಮಿನ ಬಿಷಪ್ ಕೊರ್ನೇಲಿಯಸ್ ಅಂತಿಯೋಕ್ಯದ ಬಿಷಪ್ಪನಿಗೆ ಒಂದು ಕಾಗದ ಬರೆದ. ಅದರಲ್ಲಿ ತನ್ನ ಸಭೆಯ ಸಿಬ್ಬಂದಿಯನ್ನು ಎಣಿಸುತ್ತಾನೆ. 46 ಪಾದ್ರಿಗಳು, 7 ಡೀಕನ್‌ಗಳು, 7 ಉಪಡೀಕನ್‌ಗಳು, 42 ಸಹಾಯಕರು, ಭೂತ ಬಿಡಿಸುವವರು, ಗ್ರಂಥ ಓದುವವರು, ಬಾಗಿಲು ಕಾಯುವವರು ಸೇರಿ 52. ಇವರ ಜೊತೆಗೆ ಸಭೆಯೇ ಸಾಕುತ್ತಿದ್ದ ವಿಧವೆಯರು, ದಿಕ್ಕಿಲ್ಲದವರು 1,500ಕ್ಕೂ ಹೆಚ್ಚು. ಕಾಗದ ಬರೆದದ್ದು ಬೇರೊಂದು ಜಗಳದ ಸಲುವಾಗಿ, ತನ್ನ ಎದುರಾಳಿಯ ಪಕ್ಷ ಎಷ್ಟು ಸಣ್ಣದೆಂದು ತೋರಿಸಲಿಕ್ಕೆ. ಆದರೂ ಆ ಅಂಕಿಗಳ ಸಂದಿನಲ್ಲಿ ಒಂದು ನಗರದ ಅಡುಗೆಮನೆ ಕಾಣುತ್ತದೆ.

ಸಾವಿರದೈನೂರು ಹೊಟ್ಟೆ, ದಿನವೂ. ಬರಗಾಲದಲ್ಲಿ ಗಂಜಿಕೇಂದ್ರ ನಡೆಸಿದವರಿಗೆ, ಮಠದ ಉಗ್ರಾಣ ನೋಡಿಕೊಂಡವರಿಗೆ ಇದರ ಭಾರ ಗೊತ್ತು. ಡೀಕನ್ ಎಂಬ ಗ್ರೀಕ್ ಮೂಲದ ಪದಕ್ಕೆ ಸೇವಕ ಎಂದೇ ಅರ್ಥ. ಪೂಜೆಯ ಹೊತ್ತಿನಲ್ಲಿ ಬಿಷಪ್ಪನ ಪಕ್ಕ ನಿಲ್ಲುವ ಇವರು ಉಳಿದ ಹೊತ್ತೆಲ್ಲ ದುಡ್ಡು, ಧಾನ್ಯ, ಬಟ್ಟೆ, ಸ್ಮಶಾನದ ಜಾಗ, ದಾನ ಕೊಟ್ಟವರ ಹೆಸರು, ಪಡೆದವರ ಹೆಸರು ಇವುಗಳ ನಡುವೆ ಓಡಾಡುತ್ತಿದ್ದರು. ಅಷ್ಟು ದೊಡ್ಡ ನಗರಕ್ಕೆ ಏಳೇ ಜನ. ಸಂಪ್ರದಾಯದ ಪ್ರಕಾರ ಆ ಏಳು ಮಂದಿಯಲ್ಲಿ ಹಿರಿಯ ಸ್ಥಾನ ಲಾರೆನ್ಸನದು, ಭಂಡಾರದ ಬೀಗದ ಕೈ ಇದ್ದದ್ದು ಅವನ ಸೊಂಟದಲ್ಲಿ. ಸ್ಪೇನಿನವರು ಅವನು ತಮ್ಮ ಹುಯೆಸ್ಕಾ ಊರಿನವನು ಎನ್ನುತ್ತಾರೆ. ಬೇರೆಯವರೂ ತಮ್ಮವನು ಎನ್ನುವುದುಂಟು, ಸಂತರ ವಿಷಯದಲ್ಲಿ ಇದು ಹೊಸತಲ್ಲ.

258ರ ಆಗಸ್ಟ್ 6. ಬಿಷಪ್ ಎರಡನೆಯ ಸಿಕ್ಸ್‌ಟಸ್ ನಿಷೇಧವನ್ನು ಮೀರಿ ನೆಲದಡಿಯ ಸಮಾಧಿಗುಹೆಯೊಂದರಲ್ಲಿ ಜನರನ್ನು ಸೇರಿಸಿದ್ದ. ಸೈನಿಕರು ನುಗ್ಗಿದರು. ಸಿಕ್ಸ್‌ಟಸ್ ಅಲ್ಲೇ ಹತನಾದ, ಜೊತೆಗೆ ನಾಲ್ವರು ಡೀಕನ್‌ಗಳು. ಇದನ್ನು ಸಿಪ್ರಿಯನ್ ಅದೇ ದಿನಗಳಲ್ಲಿ ಬರೆದಿಟ್ಟಿದ್ದರಿಂದ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿಂದಾಚೆಗೆ ದಂತಕಥೆ ಶುರುವಾಗುತ್ತದೆ. ಕೊಲ್ಲಲು ಒಯ್ಯುತ್ತಿದ್ದ ಸಿಕ್ಸ್‌ಟಸ್‌ನನ್ನು ದಾರಿಯಲ್ಲಿ ಕಂಡ ಲಾರೆನ್ಸ್ ಅಳುತ್ತಾನಂತೆ, ಪೂಜೆಗೆ ಎಂದೂ ನನ್ನನ್ನು ಬಿಟ್ಟು ಹೋಗದ ನೀವು ಈ ಬಲಿಗೆ ಮಾತ್ರ ಒಬ್ಬರೇ ಹೊರಟಿರಾ ಎಂದು ಕೇಳುತ್ತಾನಂತೆ. ಮೂರು ದಿನ ತಾಳು, ನೀನೂ ಬರುತ್ತೀ ಎಂದು ಮುದುಕ ಸಮಾಧಾನ ಮಾಡುತ್ತಾನೆ. ಗುರು ಶಿಷ್ಯನಿಗೆ ಸಾವನ್ನು ಆಶೀರ್ವಾದದಂತೆ ಕೊಡುವ ಈ ದೃಶ್ಯ ಓದಲು ಕಷ್ಟ. ಆ ಕಾಲದ ಕ್ರೈಸ್ತರಿಗೆ ಹಾಗನ್ನಿಸಿರಲಾರದು.

ಈ ಮಾತುಕತೆಯನ್ನು ಬರೆದವನು ಮಿಲಾನಿನ ಬಿಷಪ್ ಅಂಬ್ರೋಸ್, ಘಟನೆ ನಡೆದು 130 ವರ್ಷಗಳಾದ ಮೇಲೆ. ಅಂಬ್ರೋಸ್ ಯಾಕೆ ಲಾರೆನ್ಸನನ್ನು ನೆನೆಸಿಕೊಂಡ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಗೋಥರು ಸೆರೆ ಹಿಡಿದಿದ್ದ ಜನರನ್ನು ಬಿಡಿಸಿಕೊಳ್ಳಲು ಹಣ ಬೇಕಾದಾಗ ಅಂಬ್ರೋಸ್ ತನ್ನ ಇಗರ್ಜಿಯ ಪೂಜಾಪಾತ್ರೆಗಳನ್ನೇ ಕರಗಿಸಿ ಮಾರಿದ. ದೇವರ ಪಾತ್ರೆಗೆ ಕೈ ಹಾಕಿದ ಎಂದು ವಿರೋಧಿಗಳು ಹುಯಿಲೆಬ್ಬಿಸಿದರು. ಆ ಆಪಾದನೆಗೆ ಉತ್ತರ ಕೊಡುವ ಪುಸ್ತಕದಲ್ಲೇ ಅವನು ಲಾರೆನ್ಸನ ಕಥೆ ಹೇಳುವುದು. ಅಂದರೆ ನಮಗೆ ಮೊದಲು ಸಿಗುವ ವಿಸ್ತಾರವಾದ ಲಾರೆನ್ಸ್ ಕಥೆ, ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಪಾರುಪತ್ಯಗಾರ ತನ್ನ ಸಮರ್ಥನೆಗೆ ಹೇಳಿದ್ದು.

ಅದನ್ನು ಪೂರ್ತಿ ನಾಟಕವಾಗಿಸಿದವನು ಸ್ಪೇನಿನ ಕವಿ ಪ್ರುಡೆನ್ಶಿಯಸ್. 348ರಲ್ಲಿ ಹುಟ್ಟಿದ ಈತ ವಕೀಲಿಕೆ ಮಾಡಿ, ಪ್ರಾಂತ್ಯಗಳ ಆಡಳಿತ ನಡೆಸಿ, ಇಳಿವಯಸ್ಸಿನಲ್ಲಿ ಕಾವ್ಯಕ್ಕೆ ತಿರುಗಿದವನು. ಹುತಾತ್ಮರ ಮೇಲಿನ ಅವನ 14 ಪದ್ಯಗಳಲ್ಲಿ ಎರಡನೆಯದು ಲಾರೆನ್ಸನದು, ಐನೂರಕ್ಕೂ ಮೀರಿದ ಸಾಲುಗಳು. ಕಚೇರಿಯ ಭಾಷೆ ಬಲ್ಲ ಕವಿಯಾದ್ದರಿಂದ ಇಲ್ಲಿನ ರೋಮನ್ ಅಧಿಕಾರಿ ಮೊದಲಿಗೆ ಅಬ್ಬರಿಸುವುದಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಾನೆ. ನಿಮ್ಮಲ್ಲಿ ಬೆಳ್ಳಿಯ ಬಟ್ಟಲು, ಚಿನ್ನದ ದೀಪಗಂಬ ಇವೆಯಂತೆ, ಭಕ್ತರು ಮಕ್ಕಳ ಪಾಲನ್ನೂ ಮಾರಿ ನಿಮಗೆ ಒಪ್ಪಿಸುತ್ತಾರಂತೆ. ಖಜಾನೆಗೆ ಅಡಚಣೆ ಇದೆ, ಸೈನಿಕರಿಗೆ ಕೊಡಬೇಕು. ಸೀಸರನದು ಸೀಸರನಿಗೆ ಸಲ್ಲಲಿ ಎಂದು ನಿಮ್ಮ ಗುರುವೇ ಹೇಳಿದ್ದಾನಲ್ಲ, ನಾಣ್ಯದ ಮೇಲಿರುವುದು ಅವನ ಮುಖವೇ ತಾನೆ? ತೆರಿಗೆ ವಸೂಲಿಯ ಅಮಲ್ದಾರನೊಬ್ಬ ಬೈಬಲ್ ಓದಿಕೊಂಡು ಬಂದಂತಿದೆ.

ಲಾರೆನ್ಸ್ ಇಲ್ಲ ಎನ್ನುವುದಿಲ್ಲ. ನಮ್ಮ ಸಭೆ ಶ್ರೀಮಂತವೇ, ಲೋಕದಲ್ಲಿ ಅದರಷ್ಟು ಶ್ರೀಮಂತರಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆದರೆ ಎಲ್ಲವನ್ನೂ ಎಣಿಸಿ, ಪಟ್ಟಿ ಮಾಡಿ ಒಪ್ಪಿಸಬೇಕಲ್ಲ, ಅದಕ್ಕೆ ಮೂರು ದಿನದ ವಾಯಿದೆ ಕೊಡಿ ಎನ್ನುತ್ತಾನೆ. ಅಧಿಕಾರಿಗೆ ಬಾಯಲ್ಲಿ ನೀರೂರುತ್ತದೆ. ಕೊಟ್ಟ.

ಆ ಮೂರು ದಿನ ಲಾರೆನ್ಸ್ ನಗರದ ಗಲ್ಲಿಗಲ್ಲಿ ಅಲೆದ. ಕೋಲಿನಿಂದ ದಾರಿ ತಡವುತ್ತ ನಡೆಯುವ ಕುರುಡ, ಮುರಿದ ಮೊಣಕಾಲಿನವನು, ಒಂದು ಕಾಲು ಗಿಡ್ಡವಾದವನು, ಹುಣ್ಣು ಸೋರುವವನು, ಕೈ ಸೇದಿಹೋದವನು. ಹೀಗೆ ಸಭೆಯ ಉಗ್ರಾಣದಿಂದ ಉಣ್ಣುತ್ತಿದ್ದವರನ್ನೆಲ್ಲ ಹುಡುಕಿ ಹೆಸರು ಬರೆದುಕೊಂಡ. ಪ್ರುಡೆನ್ಶಿಯಸ್ ಈ ವಿವರವನ್ನು ಬಿಡದೆ ಹೇಳುತ್ತಾನೆ, ಒಬ್ಬೊಬ್ಬರ ಹೆಸರೂ ಪಟ್ಟಿಯಲ್ಲಿ ಬಂತು. ಗಡುವಿನ ದಿನ ಅಧಿಕಾರಿ ಬಂದಾಗ ಇಗರ್ಜಿಯ ಮುಂದೆ ಅವರೆಲ್ಲ ಸಾಲಾಗಿ ನಿಂತಿದ್ದರು. ಇಗೋ ಭಂಡಾರ, ಇವರೇ ಚಿನ್ನ. ಆ ಕಡೆ ನಿಂತಿರುವ ಕನ್ಯೆಯರು, ವಿಧವೆಯರು ರತ್ನಗಳು, ಸಭೆಯ ಒಡವೆ ಎಂದು ಲಾರೆನ್ಸ್ ಲೆಕ್ಕ ಒಪ್ಪಿಸಿದ.

ಕನ್ನಡದಲ್ಲಿ ಓದುವವರಿಗೆ ಇಲ್ಲಿ ಇನ್ನೊಬ್ಬ ಭಂಡಾರಿಯ ನೆನಪಾಗದೆ ಇರದು. ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಬಸವಣ್ಣನ ಮೇಲೆ ಚಾಡಿ ಹೋಗಿ, ದೊರೆ ಲೆಕ್ಕ ಕೇಳಿದ ಕಥೆ ಬಸವಪುರಾಣದ ಪರಂಪರೆಯಲ್ಲಿದೆ. ಅಲ್ಲಿ ತೆರೆದು ನೋಡಿದರೆ ಹೊನ್ನು ಒಂದೂ ಕಡಿಮೆಯಾಗಿರುವುದಿಲ್ಲ, ಶಿವನೇ ಲೆಕ್ಕ ಸರಿಮಾಡಿಟ್ಟಿರುತ್ತಾನೆ. ರೋಮಿನ ಕಥೆಯಲ್ಲಿ ಯಾವ ದೇವರೂ ಪೆಟ್ಟಿಗೆ ತುಂಬಿಸಲಿಲ್ಲ. ಪೆಟ್ಟಿಗೆ ಖಾಲಿಯೇ ಇತ್ತು, ಖಾಲಿ ಮಾಡಿದವರು ಎದುರಿಗೆ ನಿಂತಿದ್ದರು.

ಅಧಿಕಾರಿಗೆ ಸಿಟ್ಟು ಬಂದದ್ದು ಹಣ ಸಿಗದ್ದಕ್ಕಿಂತ ಹೆಚ್ಚಾಗಿ ತನ್ನನ್ನು ಗೇಲಿ ಮಾಡಿದ್ದಕ್ಕೆ. ಹುತಾತ್ಮರ ಕಥೆಗಳಲ್ಲಿ ಎಲ್ಲ ಬಗೆಯ ಧೈರ್ಯವೂ ಸಿಗುತ್ತದೆ, ನಗಿಸುವವರು ಅಪರೂಪ. ನಿನಗೆ ಸಾಯುವ ಆಸೆ ಎಂದು ಗೊತ್ತು, ಬೇಗ ಸಾಯಲು ಬಿಡುವುದಿಲ್ಲ ಎಂದು ಅವನು ಸಣ್ಣ ಉರಿಯ ಕೆಂಡ ಹರಡಿಸುತ್ತಾನೆ. ಮುಂದಿನದು ಬಾಯಮ್ಮನ ಗೋಡೆಯ ಪಟ. ಒಂದು ಮಗ್ಗುಲು ಬೆಂದಾಗ, ಈ ಕಡೆ ಆಯಿತು, ಮಗುಚಿ ಹಾಕಿ ಎಂದು ಲಾರೆನ್ಸ್ ಹೇಳಿದ ಎಂಬುದೇ ಲೋಕಪ್ರಸಿದ್ಧ ಪ್ರಸಂಗ.

ಇದು ನಡೆದಿರಬಹುದೇ? ನಡೆದಿರಲಾರದು ಎಂದು ಇತಿಹಾಸಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಆಜ್ಞೆ ಹೇಳಿದ್ದು ಸಿಕ್ಕ ಕೂಡಲೇ ಕೊಲ್ಲಿ ಎಂದು. ಸಿಕ್ಸ್‌ಟಸ್, ಸಿಪ್ರಿಯನ್ ಇಬ್ಬರೂ ಕತ್ತಿಗೆ ಬಲಿಯಾದರು. ಲಾರೆನ್ಸನಿಗೂ ಅದೇ ಆಗಿರಬೇಕು. ಹಾಗಿದ್ದರೆ ಜಾಲರಿ ಎಲ್ಲಿಂದ ಬಂತು? 20ನೇ ಶತಮಾನದ ಆರಂಭದಲ್ಲಿ ಕೆಲವು ವಿದ್ವಾಂಸರು ಒಂದು ಸ್ವಾರಸ್ಯದ ಊಹೆ ಮಾಡಿದರು. ಹುತಾತ್ಮನಾದ ಎನ್ನಲು ಲ್ಯಾಟಿನ್ನಿನಲ್ಲಿ ರೂಢಿಯ ಮಾತು 'ಪಾಸ್ಸುಸ್ ಎಸ್ತ್', ಅಂದರೆ ಯಾತನೆ ಉಂಡ. ನಕಲು ಮಾಡುವಾಗ ಮೊದಲ ಅಕ್ಷರ ಬಿದ್ದುಹೋದರೆ 'ಆಸ್ಸುಸ್ ಎಸ್ತ್', ಅಂದರೆ ಸುಡಲ್ಪಟ್ಟ. ಒಂದು ಅಕ್ಷರದ ಲೋಪದಿಂದ ಒಂದು ಒಲೆ ಹುಟ್ಟಿಕೊಂಡಿತು! ಅಚ್ಚುಕೂಟದ ತಪ್ಪುಗಳ ನಡುವೆ ಬದುಕುವ ನಮ್ಮಂಥವರಿಗೆ ಇದನ್ನು ನಂಬಲು ತುಂಬ ಆಸೆ. ಆದರೆ ಇದು ಊಹೆ ಮಾತ್ರ. 366ರಿಂದ 384ರವರೆಗೆ ಪೋಪ್ ಆಗಿದ್ದ ದಾಮಾಸಸ್ ಗೋರಿಗೆಂದು ಬರೆದ ಪುಟ್ಟ ಪದ್ಯದಲ್ಲೇ ಚಾಟಿ, ಸರಪಳಿಗಳ ಜೊತೆ ಜ್ವಾಲೆಯ ಮಾತೂ ಇದೆ. ಬೆಂಕಿ ಆಗಲೇ ಕಥೆಯೊಳಕ್ಕೆ ಬಂದಾಗಿತ್ತು.

ಇನ್ನೊಂದು ಸಂಗತಿಯೂ ಇದೆ. ಮಗುಚಿ ಹಾಕಿ ಎಂಬ ಆ ಪರಿಹಾಸ್ಯ ಲಾರೆನ್ಸನೊಬ್ಬನ ಸ್ವತ್ತಲ್ಲ. ಜೂಲಿಯನ್ ಸಾಮ್ರಾಟನ ಕಾಲದಲ್ಲಿ, 361ರಿಂದ 363ರ ನಡುವೆ, ಏಷ್ಯಾ ಮೈನರಿನ ಫ್ರಿಜಿಯದಲ್ಲಿ ಮೂವರು ಕ್ರೈಸ್ತರು ಇಂಥದೇ ಜಾಲರಿಯ ಮೇಲೆ ಮಲಗಿ ಇಂಥದೇ ಮಾತು ಆಡಿದರೆಂದು ಚರ್ಚ್ ಇತಿಹಾಸಕಾರ ಸಾಕ್ರಟೀಸ್ ಬರೆಯುತ್ತಾನೆ. ಗಾದೆಯಂತೆ ಊರೂರು ಸುತ್ತುತ್ತಿದ್ದ ಒಂದು ಮಾತು ರೋಮಿಗೆ ಬಂದು, ಅದನ್ನು ಆಡಬಲ್ಲ ಬಾಯಿ ಯಾವುದು ಎಂದು ಹುಡುಕಿ, ಲಾರೆನ್ಸನ ಬಾಯಲ್ಲಿ ನೆಲೆ ನಿಂತಿತು. ಬಡವರನ್ನು ಸಾಲು ನಿಲ್ಲಿಸಿ ಸರ್ಕಾರವನ್ನು ನಗೆಪಾಟಲು ಮಾಡಿದವನಿಗೆ ಅದು ಹೊಂದಿಕೊಂಡಿತು. ಸುಟ್ಟ ಕಥೆ ಹೋದರೂ ನನಗೆ ನಷ್ಟವಿಲ್ಲ. ಮೂರು ದಿನದ ವಾಯಿದೆಯ ಕಥೆಯನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ. ಅದಕ್ಕೂ ಸಾಕ್ಷಿಯಿಲ್ಲ, ನಿಜ. ಕೊರ್ನೇಲಿಯಸನ ಕಾಗದದ ಆ 1,500 ಜನ ಮಾತ್ರ ಅದಕ್ಕೆ ಒತ್ತಾಸೆ.

ವಲೇರಿಯನ್ ಏನಾದ? 260ರಲ್ಲಿ ಎಡೆಸ್ಸಾ ಬಳಿ ಶಾಪುರನ ಕೈಗೆ ಸೆರೆಸಿಕ್ಕ. ವೈರಿಗೆ ಜೀವಂತ ಸಿಕ್ಕಿಬಿದ್ದ ಮೊದಲ ರೋಮನ್ ಸಾಮ್ರಾಟ. ಇರಾನಿನ ನಕ್ಷೆ ರುಸ್ತಮ್ ಬಂಡೆಯಲ್ಲಿ ಕುದುರೆಯ ಮೇಲೆ ಶಾಪುರ್, ಎದುರಿಗೆ ಸೋತ ರೋಮನ್ನರು ಇಂದಿಗೂ ಇದ್ದಾರೆ. ಕುದುರೆ ಹತ್ತಲು ಶಾಪುರ್ ವಲೇರಿಯನ್‌ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡ, ಸತ್ತ ಮೇಲೆ ಚರ್ಮ ಸುಲಿಸಿ ತೂಗುಹಾಕಿದ ಎಂದು ಕ್ರೈಸ್ತ ಲೇಖಕ ಲಾಕ್ಟಾನ್ಶಿಯಸ್ ಖುಷಿಯಿಂದ ಬರೆಯುತ್ತಾನೆ. ಹಿಂಸೆಗೊಳಗಾದವರೂ ಇಂಥ ಕಥೆ ಕಟ್ಟುವಾಗ ಕರುಣೆಯ ಗೋಜಿಗೆ ಹೋಗುವುದಿಲ್ಲ. ಮಗ ಗಾಲಿಯೇನಸ್ ಮಾತ್ರ ಅಪ್ಪನ ಆಜ್ಞೆಗಳನ್ನು ರದ್ದು ಮಾಡಿ ಕ್ರೈಸ್ತರ ಸ್ಮಶಾನಗಳನ್ನು ಹಿಂದಿರುಗಿಸಿದ. ಜನರ ಬಾಯಲ್ಲಿ ಈ ರಾಜರ ಗುರುತೂ ಅಳಿಸಿಹೋಯಿತು. ನಂತರದ ಲಾರೆನ್ಸ್ ಚರಿತ್ರೆಗಳಲ್ಲಿ ಕೊಲ್ಲಿಸುವವನು ಡೇಶಿಯಸ್ ಸಾಮ್ರಾಟ. ಅವನು ಸತ್ತದ್ದು 251ರಲ್ಲಿ, ಲಾರೆನ್ಸನಿಗಿಂತ ಏಳು ವರ್ಷ ಮೊದಲು!

ಗೋರಿಯ ಜಾಗದಲ್ಲಿ ಕಾನ್‌ಸ್ಟಂಟೈನ್ ಸಾಮ್ರಾಟನ ಕಾಲದಲ್ಲೇ ಇಗರ್ಜಿ ಎದ್ದಿತು. ಆರನೇ ಶತಮಾನದ ಕೊನೆಯಲ್ಲಿ ಪೋಪ್ ಎರಡನೆಯ ಪೆಲಾಗಿಯಸ್ ಅಲ್ಲಿ ಹೊಸದೊಂದನ್ನು ಕಟ್ಟಿಸಿದ. ಹದಿಮೂರನೇ ಶತಮಾನದಲ್ಲಿ ಪೋಪ್ ಮೂರನೆಯ ಹೊನೋರಿಯಸ್ ಅದಕ್ಕೆ ದೊಡ್ಡದೊಂದು ಭಾಗ ಸೇರಿಸಿ, ಪ್ರವೇಶದ ದಿಕ್ಕನ್ನೇ ತಿರುಗಿಸಿಬಿಟ್ಟ. ಹೀಗೆ ಬೆಳೆದ ಸಾನ್ ಲೊರೆಂಜೊ ಬಸಿಲಿಕಾ ಹಳೆಯ ಕೋಟೆಗೋಡೆಯ ಹೊರಗೆ, ನಗರದ ದೊಡ್ಡ ಸ್ಮಶಾನ ಕಾಂಪೊ ವೆರಾನೊದ ಪಕ್ಕದಲ್ಲಿದೆ. ಅಲ್ಲಿ ಹೇಳುವ ಒಂದು ಕಥೆ ನನಗೆ ಬಹಳ ಇಷ್ಟ. ಕ್ರೈಸ್ತರ ಮೊದಲ ಹುತಾತ್ಮ ಸ್ಟೀಫನ್‌ನ ಅಸ್ಥಿಗಳನ್ನು ತಂದು ಅದೇ ಗೋರಿಯಲ್ಲಿ ಇಡಲು ಹೋದಾಗ, ಒಳಗಿದ್ದ ಲಾರೆನ್ಸ್ ತಾನಾಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟನಂತೆ. ಅಂದಿನಿಂದ ರೋಮಿನವರು ಅವನನ್ನು ಮರ್ಯಾದಸ್ಥ ಸ್ಪೇನಿನವನು ಎಂದು ಕರೆದರು. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟಂತೆ.

ಚಿತ್ರಕಾರರಿಗೆ ಅವನು ಬಿಡದ ವಸ್ತು. ವ್ಯಾಟಿಕನ್ನಿನ ಒಂದು ಸಣ್ಣ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಫ್ರಾ ಅಂಜೆಲಿಕೊ 1440ರ ದಶಕದ ಕೊನೆಯಲ್ಲಿ ಸ್ಟೀಫನ್ ಮತ್ತು ಲಾರೆನ್ಸರ ಕಥೆ ಬರೆದ. ಅದರಲ್ಲಿ ಬಾಗಿಲ ಮುಂದೆ ನಿಂತ ಲಾರೆನ್ಸ್ ಕುರುಡನಿಗೆ, ಕುಂಟನಿಗೆ, ಮಗು ಎತ್ತಿಕೊಂಡ ತಾಯಿಗೆ ದುಡ್ಡು ಹಂಚುತ್ತಿರುವ ಚಿತ್ರವಿದೆ. ಆ ಚಿತ್ರದಲ್ಲಿ ಬೆಂಕಿಯ ಸುಳಿವಿಲ್ಲ. ಬೆಂಕಿ ಬೇಕಾದವರಿಗೆ ಟಿಶಿಯನ್ ಇದ್ದಾನೆ, ವೆನಿಸಿನಲ್ಲಿ, ಕತ್ತಲನ್ನೇ ಬಣ್ಣ ಮಾಡಿಕೊಂಡು. ಶಿಲ್ಪಿ ಬರ್ನಿನಿ ಇನ್ನೂ ಇಪ್ಪತ್ತು ದಾಟದ ಹುಡುಗನಾಗಿದ್ದಾಗ ಲಾರೆನ್ಸನನ್ನು ಅಮೃತಶಿಲೆಯಲ್ಲಿ ಕಡೆದ. ಯಾತನೆಯ ಮುಖ ಹೇಗಿರುತ್ತದೆಂದು ತಿಳಿಯಲು ತನ್ನ ಕಾಲನ್ನೇ ಬೆಂಕಿಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡನೆಂದು ಹೇಳುತ್ತಾರೆ. ಹದಿಹರೆಯದ ಪ್ರತಿಭೆಯ ಬಗ್ಗೆ ಇಂಥ ಕಥೆ ಹುಟ್ಟದಿದ್ದರೆ ಆಶ್ಚರ್ಯ.

ರಾಜರ ಕೈಗೆ ಸಿಕ್ಕಾಗ ಮಾತ್ರ ಸಂತನ ಪಾಡು ಬೇರೆಯಾಯಿತು. 1557ರ ಆಗಸ್ಟ್ 10ರಂದು ಸ್ಪೇನಿನ ಎರಡನೆಯ ಫಿಲಿಪ್‌ನ ಸೈನ್ಯ ಸೇಂಟ್ ಕ್ವೆಂಟಿನ್‌ನಲ್ಲಿ ಫ್ರೆಂಚರನ್ನು ಸೋಲಿಸಿತು. ಹಬ್ಬದ ದಿನ ಬಂದ ಗೆಲುವು. ಹರಕೆಯೆಂದು ಫಿಲಿಪ್ ಮಾಡ್ರಿಡ್ ಬಳಿ ಎಸ್ಕೊರಿಯಲ್ ಎಂಬ ಅರಮನೆಯೂ ಮಠವೂ ಆದ ಬೃಹತ್ ಕಟ್ಟಡ ಕಟ್ಟಿಸಿದ. 1563ರಿಂದ 1584ರವರೆಗೆ ಕೆಲಸ ನಡೆಯಿತು. ಮೇಲಿನಿಂದ ನೋಡಿದರೆ ಅಂಗಳಗಳು, ಸಾಲು ಕೊಠಡಿಗಳು ಸೇರಿ ಲಾರೆನ್ಸನ ಜಾಲರಿಯ ಆಕಾರ ಕಾಣುತ್ತದೆ ಎಂಬುದು ಜನಜನಿತ. ಅಮೆರಿಕದ ಗಣಿಗಳಿಂದ ಹಡಗು ತುಂಬ ಬೆಳ್ಳಿ ಬರುತ್ತಿದ್ದ ಕಾಲ ಅದು. ಬೆಳ್ಳಿ ಎಲ್ಲಿ ಎಂದು ಕೇಳಿದ ಸಾಮ್ರಾಟನ ಅಧಿಕಾರಿಗೆ ಕುಂಟರನ್ನು ತೋರಿಸಿದವನ ಹೆಸರಿನಲ್ಲಿ ಇನ್ನೊಬ್ಬ ದೊರೆ ಕಲ್ಲಿನ ಅರಮನೆ ಕಟ್ಟಿದ. ಲಾರೆನ್ಸ್ ಬದುಕಿದ್ದಿದ್ದರೆ ಇದಕ್ಕೂ ಒಂದು ಮಾತು ಇಟ್ಟಿರುತ್ತಿದ್ದ.

ಕೆನಡಾದ ಮಹಾನದಿಗೆ ಅವನ ಹೆಸರು ಬಂದದ್ದೂ ಪಂಚಾಂಗದ ಕೃಪೆ. ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೆ 1535ರ ಆಗಸ್ಟ್ 10ರಂದು ಒಂದು ಕೊಲ್ಲಿಗೆ ಆ ದಿನದ ಸಂತನ ಹೆಸರಿಟ್ಟ. ಹೆಸರು ಮೆಲ್ಲಗೆ ನದಿಗೂ ಹರಿಯಿತು.

ಇಟಲಿಯಲ್ಲಿ ಆಗಸ್ಟ್ 10ರ ರಾತ್ರಿ ಜನ ಹೊರಗೆ ಬಂದು ಆಕಾಶ ನೋಡುತ್ತ ಕೂರುತ್ತಾರೆ. ಬೀಳುವ ಉಲ್ಕೆಗಳು ಸಂತ ಲಾರೆನ್ಸನ ಕಣ್ಣೀರಂತೆ. ಅವನ ಒಲೆಯಿಂದ ಹಾರಿದ ಕಿಡಿ ಎನ್ನುವವರೂ ಇದ್ದಾರೆ. ಸ್ವಿಫ್ಟ್-ಟಟಲ್ ಎಂಬ ಧೂಮಕೇತು ಸುಮಾರು 133 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತ ಬಿಟ್ಟುಹೋದ ಧೂಳಿನ ದಾರಿಯನ್ನು ಭೂಮಿ ಪ್ರತಿ ಆಗಸ್ಟ್‌ನಲ್ಲಿ ಹಾಯುತ್ತದೆ. ಇದನ್ನು 1860ರ ದಶಕದಲ್ಲಿ ತೋರಿಸಿಕೊಟ್ಟವನೂ ಇಟಲಿಯವನೇ, ಖಗೋಳಜ್ಞ ಸ್ಕಿಯಾಪರೆಲ್ಲಿ. ಈಗ ಉಲ್ಕೆಗಳ ಭರಾಟೆ 12, 13ನೇ ತಾರೀಕಿಗೆ ಸರಿದಿದೆ, ಜನ ಮಾತ್ರ 10ರಂದೇ ಹೊರಗೆ ಬರುತ್ತಾರೆ. ಕವಿ ಜೊವಾನ್ನಿ ಪಾಸ್ಕೊಲಿಯ ತಂದೆ 1867ರಲ್ಲಿ ಕೊಲೆಯಾದದ್ದು ಅದೇ ದಿನ. ಆ ತಾರೀಕನ್ನೇ ಹೆಸರಾಗಿಸಿ ಅವನು ಬರೆದ ಪದ್ಯವನ್ನು ಇಟಲಿಯ ಮಕ್ಕಳು ಶಾಲೆಯಲ್ಲಿ ಓದುತ್ತಾರೆ.

ತುಳುನಾಡಿನಲ್ಲಿ ಆಗಸ್ಟ್ 10 ಎಂದರೆ ಆಟಿ ತಿಂಗಳು. ಆಕಾಶವೇ ಕಾಣದ ಮಳೆ, ನಕ್ಷತ್ರದ ಮಾತೆಲ್ಲಿ? ಕಾರ್ಕಳದ ಅತ್ತೂರಿನಲ್ಲಿ ದೊಡ್ಡ ಹಬ್ಬ ನಡೆಯುವುದು ಜನವರಿಯಲ್ಲಿ, ಗದ್ದೆ ಕೊಯ್ಲು ಮುಗಿದು, ಹಾದಿ ಒಣಗಿ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ. ದಿನಗಟ್ಟಲೆ ನಡೆಯುವ ಸಾಂತ್‌ಮಾರಿಗೆ ಕ್ರೈಸ್ತರಷ್ಟೇ ಬರುವುದಲ್ಲ. ಮೇಣದ ಬತ್ತಿಯ ಹರಕೆ ಹೊತ್ತ ಬಂಟರು, ಬಿಲ್ಲವರು, ಮುಸ್ಲಿಮರು, ಘಟ್ಟದ ಮೇಲಿನವರು ಎಲ್ಲರೂ ಆ ಸಾಲಿನಲ್ಲಿರುತ್ತಾರೆ. ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ತುಂಬಿ ಮನೆಗೆ ಒಯ್ಯುತ್ತಾರೆ. ಆಚೆಗೆ ಬಳೆ, ಖರ್ಜೂರ, ಮಿಠಾಯಿಯ ಸಂತೆ.

ಇಲ್ಲಿನ ಮೂಲ ಇಗರ್ಜಿ 1759ರದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅದು ನಾಶವಾಯಿತು. 1799ರ ನಂತರ ಬದುಕುಳಿದವರು ಮರಳಿದರು. ಹೊಸ ಇಗರ್ಜಿಗೆ ಜಾಗ ಹುಡುಕುತ್ತ, ಮರದ ಪುಟ್ಟ ಲಾರೆನ್ಸ್ ವಿಗ್ರಹವನ್ನು ಹೊತ್ತು ಅಲೆಯುತ್ತಿದ್ದವರು ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಬಳಿ ದಣಿವಾರಿಸಿಕೊಳ್ಳಲು ಅದನ್ನು ಕೆಳಗಿಟ್ಟರಂತೆ. ಹೊರಡುವಾಗ ಎತ್ತಿದರೆ ವಿಗ್ರಹ ಅಲುಗಲಿಲ್ಲ. ಗೋಕರ್ಣದಲ್ಲಿ ಆತ್ಮಲಿಂಗ ನೆಲಕ್ಕೆ ಅಂಟಿದ ಕಥೆ ಕೇಳಿ ಬೆಳೆದ ಸೀಮೆಯಲ್ಲಿ ಇದಕ್ಕೆ ಯಾರಿಗೂ ವಿವರಣೆ ಬೇಕಾಗಲಿಲ್ಲ. ಎಲ್ಲಿ ಇಳಿಸಿದೆವೋ ಅಲ್ಲೇ ದೇವರು. ರೋಮಿನಲ್ಲಿ ಇನ್ನೊಬ್ಬನಿಗಾಗಿ ಪಕ್ಕಕ್ಕೆ ಸರಿದವನು ಅತ್ತೂರಿನಲ್ಲಿ ಸರಿಯಲೊಪ್ಪಲಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಇಗರ್ಜಿಗೆ ಮೈನರ್ ಬಸಿಲಿಕಾ ಎಂಬ ಮನ್ನಣೆ ಕೊಟ್ಟರು. ಮಂಗಳೂರಿನ ಬೊಂದೇಲ್, ಉಡುಪಿ ಕಡೆಯ ಮೂಡುಬೆಳ್ಳೆಯಲ್ಲೂ ಇದೇ ಸಂತನ ಇಗರ್ಜಿಗಳಿವೆ.

ಹರಕೆಗೆ ಬರುವವರಲ್ಲಿ ಹೆಚ್ಚಿನವರಿಗೆ ಮೂರು ದಿನದ ವಾಯಿದೆಯ ಕಥೆ ಗೊತ್ತಿರುವುದಿಲ್ಲ. ಬಾಯಮ್ಮನಿಗೂ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಜಾತ್ರೆಗೆ ಹೋಗುವಾಗ ಅವರು ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಂಡು ಹೋಗುತ್ತಿದ್ದರು, ದಾರಿಯುದ್ದಕ್ಕೂ ಸಾಲಾಗಿ ಕೂತಿರುವವರಿಗೆ ಹಾಕಲು. ಕಾಣಿಕೆ ಡಬ್ಬಿಗೆ ಬೇರೆ ಗಂಟು. ಎರಡು ಗಂಟುಗಳ ದುಡ್ಡು ಬೆರೆಸಬಾರದು ಎಂಬುದು ಅವರ ಕಟ್ಟುನಿಟ್ಟು.

ಲಾರೆನ್ಸ್ ಬರೆದನೆನ್ನುವ ಆ ಹೆಸರಿನ ಪಟ್ಟಿ ಎಲ್ಲಿಯೂ ಇಲ್ಲ. ಕೊರ್ನೇಲಿಯಸನ 1,500ರಲ್ಲಿ ಒಬ್ಬರ ಹೆಸರೂ ನಮಗೆ ಸಿಗುವುದಿಲ್ಲ. ರೋಮಿನ ಬಸಿಲಿಕಾದ ಸುತ್ತ ಬೆಳೆದ ಸಾನ್ ಲೊರೆಂಜೊ ಬಡಾವಣೆ ರೈಲ್ವೆ ಕೂಲಿಗಳ, ಕಾರ್ಮಿಕರ ಬೀದಿಗಳದು. 1943ರ ಜುಲೈ 19ರಂದು ಅಮೆರಿಕದ ವಿಮಾನಗಳು ಅಲ್ಲಿನ ರೈಲ್ವೆ ಯಾರ್ಡಿಗೆ ಬಾಂಬು ಹಾಕಿದಾಗ ಬಸಿಲಿಕಾದ ಮುಂಭಾಗ ಕುಸಿಯಿತು, ಸ್ಮಶಾನದ ಗೋರಿಗಳೂ ಒಡೆದವು, ಮನೆಗಳ ಅಡಿಯಲ್ಲಿ ಬಡಾವಣೆಯ ಜನ ಸತ್ತರು. ಬಸಿಲಿಕಾವನ್ನು ಮತ್ತೆ ಕಟ್ಟಿದರು. ಸತ್ತವರ ನೆನಪಿಗೆ ಬಡಾವಣೆಯ ನಡುವೆ ಒಂದು ಉದ್ಯಾನವಿದೆ. ಅಲ್ಲಿ ಅವರ ಹೆಸರುಗಳನ್ನು ಒಂದರ ಪಕ್ಕ ಒಂದು ಬರೆದಿಟ್ಟಿದ್ದಾರೆ.